ವಿಲಿಯಮ್ಸ್‌ಬರ್ಗ್‌ನ ಹೌಸ್ ಆಫ್ ಬರ್ಗೆಸೆಸ್ ಸಭಾಂಗಣದ ಹಳೇ ಪೋಸ್ಟ್‌ಕಾರ್ಡ್: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಹಳೇ ಸಾಮಾನಿನ ಅಂಗಡಿಗಳಲ್ಲಿ, ಪುಸ್ತಕದ ರಾಶಿಯ ನಡುವೆ, ಆನ್‌ಲೈನ್ ಹರಾಜಿನಲ್ಲಿ ಈ ಕಾರ್ಡ್ ಆಗಾಗ ಕಣ್ಣಿಗೆ ಬೀಳುತ್ತದೆ. ಎರಡೂ ಬದಿ ಮರದ ಬೆಂಚುಗಳು, ನಡುವೆ ಮೇಜು, ತುದಿಯಲ್ಲಿ ಎತ್ತರದ ಬೆನ್ನಿನ ಒಂದು ಕುರ್ಚಿ. ಇದನ್ನು ಕೊಳ್ಳುವವರು, ಕೂಡಿಡುವವರು, ಮನೆಯ ಹಳೇ ಆಲ್ಬಮ್ಮಿನಲ್ಲಿ ಕಂಡವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ.

ಚಿತ್ರದಲ್ಲಿರುವ ಕೋಣೆ ಯಾವುದು?

ವರ್ಜೀನಿಯಾ ರಾಜ್ಯದ ವಿಲಿಯಮ್ಸ್‌ಬರ್ಗ್ ಊರಿನ ಕ್ಯಾಪಿಟಲ್ ಎಂಬ ಶಾಸನಸಭೆಯ ಕಟ್ಟಡದ ಪೂರ್ವ ಭಾಗದಲ್ಲಿ, ನೆಲಮಹಡಿಯಲ್ಲಿರುವ ಸಭಾಂಗಣ. ವರ್ಜೀನಿಯಾ ಬ್ರಿಟಿಷರ ವಸಾಹತಾಗಿದ್ದಾಗ ಚುನಾಯಿತ ಪ್ರತಿನಿಧಿಗಳು ಸೇರುತ್ತಿದ್ದ ಸಭೆಯೇ ಹೌಸ್ ಆಫ್ ಬರ್ಗೆಸೆಸ್. ಒಂದೊಂದು ಕೌಂಟಿಯಿಂದ ಇಬ್ಬರು, ಜೊತೆಗೆ ಕೆಲವು ಪಟ್ಟಣಗಳಿಂದಲೂ ವಿಲಿಯಂ ಆ್ಯಂಡ್ ಮೇರಿ ಕಾಲೇಜಿನಿಂದಲೂ ಒಬ್ಬೊಬ್ಬರು ಬರುತ್ತಿದ್ದರು. ಈ ಪ್ರತಿನಿಧಿ ಸಭೆಯ ಮೊದಲ ಬೈಠಕ್ಕು ನಡೆದದ್ದು ವಿಲಿಯಮ್ಸ್‌ಬರ್ಗ್‌ನಲ್ಲಿ ಅಲ್ಲ. 1619ರ ಜುಲೈ 30ರಂದು ಜೇಮ್ಸ್‌ಟೌನ್‌ನ ಚರ್ಚಿನಲ್ಲಿ. 1698ರಲ್ಲಿ ಜೇಮ್ಸ್‌ಟೌನ್‌ನ ಸರಕಾರಿ ಕಟ್ಟಡ ಸುಟ್ಟುಹೋಯಿತು. ಮರುವರ್ಷ ರಾಜಧಾನಿ ವಿಲಿಯಮ್ಸ್‌ಬರ್ಗ್‌ಗೆ ಬಂತು.

ಕಾರ್ಡಿನ ಮೇಲೆ 1705 ಎಂದು ಅಚ್ಚಾಗಿದೆ. ಹಾಗಾದರೆ ಇದು ಮುನ್ನೂರು ವರ್ಷ ಹಳೆಯ ಕೋಣೆಯ ಫೋಟೊವೇ?

ಅಲ್ಲ. ಈ ಕಾರ್ಡಿನ ವಿಷಯದಲ್ಲಿ ಎಲ್ಲಕ್ಕಿಂತ ಮೊದಲು ತಿಳಿಯಬೇಕಾದದ್ದು ಇದೇ. ಫೋಟೊದಲ್ಲಿರುವ ಗೋಡೆ, ಕಿಟಕಿ, ಬೆಂಚು ಎಲ್ಲವೂ ಇಪ್ಪತ್ತನೇ ಶತಮಾನದ ಮರುನಿರ್ಮಾಣ.

ಮೊದಲ ಕ್ಯಾಪಿಟಲ್ ಕಟ್ಟಿದ್ದು 1701ರಿಂದ 1705ರವರೆಗೆ. ಬೆಂಕಿಯ ಭಯದಿಂದ ಅದಕ್ಕೆ ಹೊಗೆಗೂಡನ್ನೇ ಇಟ್ಟಿರಲಿಲ್ಲ. ಥಂಡಿಗೆ ಕಾಗದಪತ್ರ ಹಾಳಾಗತೊಡಗಿದ ಮೇಲೆ 1723ರಲ್ಲಿ ಹೊಗೆಗೂಡು ಸೇರಿಸಿದರು. 1747ರ ಜನವರಿ 30ರಂದು ಕಟ್ಟಡ ಸುಟ್ಟುಹೋಯಿತು. ಅದೇ ಜಾಗದಲ್ಲಿ ಎದ್ದ ಎರಡನೇ ಕ್ಯಾಪಿಟಲ್ 1753ಕ್ಕೆ ಸಿದ್ಧವಾಯಿತು. 1780ರಲ್ಲಿ ರಾಜಧಾನಿ ರಿಚ್ಮಂಡ್‌ಗೆ ಹೋದ ಮೇಲೆ ಅದನ್ನು ಕೇಳುವವರಿಲ್ಲದೆ, 1790ರ ದಶಕದಲ್ಲಿ ಪಶ್ಚಿಮ ಭಾಗವನ್ನು ಕೆಡವಿದರು. ಉಳಿದ ಪೂರ್ವ ಭಾಗ 1832ರಲ್ಲಿ ಬೆಂಕಿಗೆ ಆಹುತಿಯಾಯಿತು. ಮುಂದಿನ ನೂರು ವರ್ಷ ಅಲ್ಲಿ ಸಭಾಂಗಣವೇ ಇರಲಿಲ್ಲ. ಪಾದ್ರಿ ಡಬ್ಲ್ಯು.ಎ.ಆರ್. ಗುಡ್ವಿನ್ ಅವರ ಒತ್ತಾಸೆ, ಕಿರಿಯ ಜಾನ್ ಡಿ. ರಾಕ್‌ಫೆಲರ್ ಅವರ ಹಣ, ಪೆರಿ, ಶಾ ಆ್ಯಂಡ್ ಹೆಪ್‌ಬರ್ನ್ ವಾಸ್ತುಶಿಲ್ಪಿಗಳ ನಕ್ಷೆ ಸೇರಿ ಮೂರನೇ ಕಟ್ಟಡ ಎದ್ದಿತು. 1934ರ ಫೆಬ್ರವರಿ 24ರಂದು ವರ್ಜೀನಿಯಾದ ಶಾಸಕಾಂಗವೇ ಅಲ್ಲಿಗೆ ಬಂದು ಸಭೆ ಸೇರಿತು.

ಹೀಗಾಗಿ ಈ ಕೋಣೆಯ ಯಾವ ಫೋಟೊ ಕಾರ್ಡೂ 1934ಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. "1900ರ ಸುಮಾರಿನ ಅಪರೂಪದ ಕಾರ್ಡ್" ಎಂದು ಯಾರಾದರೂ ಮಾರಲು ಬಂದರೆ ಭೂತಗನ್ನಡಿ ತೆಗೆಯುವ ಮೊದಲೇ ಉತ್ತರ ಸಿಕ್ಕಿಬಿಡುತ್ತದೆ.

"ಪ್ಯಾಟ್ರಿಕ್ ಹೆನ್ರಿ ಭಾಷಣ ಮಾಡಿದ ಸಭಾಂಗಣ" ಎಂಬ ಅಡಿಬರಹ ನಿಜವೇ?

ಜಾಗ ನಿಜ, ಕೋಣೆ ಅಲ್ಲ. ವಸಾಹತುಗಳ ಕಾಗದಪತ್ರಗಳ ಮೇಲೆ ಬ್ರಿಟನ್ ತೆರಿಗೆ ಹೇರಿದ್ದ ಸ್ಟಾಂಪ್ ಕಾಯಿದೆಯ ವಿರುದ್ಧ, ಸಭೆಯ ಸದಸ್ಯನಾಗಿದ್ದ ಹೆನ್ರಿ ಠರಾವು ಮಂಡಿಸಿ ಗುಡುಗಿದ್ದು 1765ರ ಮೇ ಕೊನೆಯಲ್ಲಿ. ಆಗ ಇದ್ದದ್ದು ಎರಡನೇ ಕ್ಯಾಪಿಟಲ್. ಕಾನೂನು ವಿದ್ಯಾರ್ಥಿಯಾಗಿದ್ದ ಥಾಮಸ್ ಜೆಫರ್ಸನ್ ಬಾಗಿಲ ಬಳಿ ನಿಂತು ಆ ಮಾತು ಕೇಳಿದ್ದೂ ಅಲ್ಲೇ. 1776ರ ಮೇ 15ರಂದು ವರ್ಜೀನಿಯಾ ಸಮಾವೇಶ ಸ್ವಾತಂತ್ರ್ಯದ ಪರ ನಿರ್ಣಯ ಮಾಡಿದ್ದು, ಜೂನ್ 12ರಂದು ಜಾರ್ಜ್ ಮೇಸನ್ ಕರಡು ಬರೆದಿದ್ದ ಹಕ್ಕುಗಳ ಘೋಷಣೆಯನ್ನು ಒಪ್ಪಿದ್ದು, ಇವೂ ಎರಡನೆಯದರಲ್ಲೇ ನಡೆದವು. ಕಾರ್ಡಿನಲ್ಲಿ ಕಾಣುವುದು ಮೊದಲನೆಯದರ ಮರುರೂಪ. ಹೆನ್ರಿ ರಾಜಕೀಯಕ್ಕೆ ಬರುವ ಹೊತ್ತಿಗೆ ಆ ಮೊದಲ ಕಟ್ಟಡ ಬೂದಿಯಾಗಿ ಎಷ್ಟೋ ಕಾಲವಾಗಿತ್ತು.

ಅಡಿಬರಹ ಬರೆದವರು ಬೇಕೆಂದೇ ಸುಳ್ಳು ಹೇಳಿದರು ಎನ್ನುವುದು ಸರಿಯಲ್ಲ. ಕಾರ್ಡಿನ ಮೇಲೆ ಎರಡು ಸಾಲಿಗಷ್ಟೇ ಜಾಗ. ಆ ಎರಡು ಸಾಲಿನಲ್ಲಿ ಮೂರು ಕಟ್ಟಡಗಳ ಕಥೆ ಹಿಡಿಸುವುದಿಲ್ಲ.

ಇತಿಹಾಸ ನಡೆದದ್ದು ಎರಡನೆಯದರಲ್ಲಿ ಎಂದಮೇಲೆ ಮೊದಲನೆಯದನ್ನೇ ಏಕೆ ಕಟ್ಟಿದರು?

ದಾಖಲೆ ಹೆಚ್ಚು ಸಿಕ್ಕಿದ್ದು ಅದಕ್ಕೇ. ಕಟ್ಟಡ ಹೇಗಿರಬೇಕು ಎಂದು 1699ರ ಕಾಯಿದೆಯಲ್ಲೇ ಅಳತೆ ಸಮೇತ ಬರೆದಿದ್ದರು. ಅಡಿಪಾಯ ನೆಲದಲ್ಲಿ ಉಳಿದಿತ್ತು. 1929ರಲ್ಲಿ ಆಕ್ಸ್‌ಫರ್ಡ್‌ನ ಬೋಡ್ಲಿಯನ್ ಗ್ರಂಥಾಲಯದಲ್ಲಿ ಹದಿನೆಂಟನೇ ಶತಮಾನದ ಒಂದು ತಾಮ್ರದ ಅಚ್ಚುಫಲಕ ಸಿಕ್ಕಿತು. ಅದರಲ್ಲಿ ಮೊದಲ ಕ್ಯಾಪಿಟಲ್‌ನ ಹೊರರೂಪ ಸ್ಪಷ್ಟವಾಗಿತ್ತು. ಎರಡನೆಯದಕ್ಕೆ ಅಷ್ಟು ಆಧಾರ ಇರಲಿಲ್ಲ. ಮೊದಲನೆಯದನ್ನು ಕಟ್ಟುವಾಗಲೂ ವಾಸ್ತುಶಿಲ್ಪಿಗಳು ತಮ್ಮ ಕಾಲದ ಸಮರೂಪದ ವ್ಯಾಮೋಹವನ್ನು ಅದರೊಳಗೆ ಸೇರಿಸಿದರು ಎಂದು ನಂತರದ ಇತಿಹಾಸಕಾರರು ತೋರಿಸಿದ್ದಾರೆ. ನಮ್ಮ ಅಭಿಪ್ರಾಯದಲ್ಲಿ ಈ ಕಾರ್ಡ್ ಸ್ವಾರಸ್ಯವಾಗುವುದೇ ಇದರಿಂದ: 1705ನ್ನು 1930ರ ದಶಕ ಹೇಗೆ ಕಲ್ಪಿಸಿಕೊಂಡಿತು ಎಂಬುದಕ್ಕೆ ಇದೊಂದು ಸಾಕ್ಷಿ.

ಹಾಗಾದರೆ ಕೋಣೆಯಲ್ಲಿ ಅಸಲಿ ಏನೂ ಇಲ್ಲವೇ?

ಇದೆ, ಸ್ಪೀಕರ್ ಕುರ್ಚಿ. ಹದಿನೆಂಟನೇ ಶತಮಾನದ ಈ ಕುರ್ಚಿ ರಾಜಧಾನಿಯ ಜೊತೆಗೇ ರಿಚ್ಮಂಡ್‌ಗೆ ಹೋಗಿತ್ತು. ಕ್ಯಾಪಿಟಲ್ ಮತ್ತೆ ಎದ್ದ ಮೇಲೆ ರಾಜ್ಯ ಅದನ್ನು ಎರವಲಾಗಿ ಕಳಿಸಿಕೊಟ್ಟಿತು. ಎತ್ತರದ ಹಲಗೆಯ ಬೆನ್ನು, ತಲೆಯ ಮೇಲೆ ದೇವಡಿಯ ಮುಖದಂಥ ಮರಗೆಲಸ. ಕಾರ್ಡ್ ಕೈಗೆ ಬಂದರೆ ಮೊದಲು ನೋಡಬೇಕಾದದ್ದು ಅದನ್ನೇ.

1934ಕ್ಕಿಂತ ಮೊದಲು ವಿಲಿಯಮ್ಸ್‌ಬರ್ಗ್ ಕ್ಯಾಪಿಟಲ್ ಎಂದು ಬಂದ ಕಾರ್ಡ್‌ಗಳಲ್ಲಿ ಏನಿರುತ್ತದೆ?

ಖಾಲಿ ಜಾಗ, ಅಡಿಪಾಯದ ಗುರುತು, ಸ್ಮಾರಕ ಕಲ್ಲು. ಇಲ್ಲವೇ ಕಲಾವಿದರ ಕಲ್ಪನೆಯ ಚಿತ್ರ. ವರ್ಜೀನಿಯಾದ ಪುರಾತನ ವಸ್ತು ಸಂರಕ್ಷಣೆಯ ಸಂಘವೊಂದು 1897ರಿಂದ ಆ ಜಾಗವನ್ನು ಕಾಯ್ದುಕೊಂಡಿತ್ತು. ಅಂಥ ಕಾರ್ಡ್ ಸಿಕ್ಕರೆ ಬಿಡಬೇಡಿ, ಅದು ಸಭಾಂಗಣದ ಕಾರ್ಡಿಗಿಂತ ಅಪರೂಪ.

ನನ್ನ ಕಾರ್ಡ್ ಯಾವ ವರ್ಷದ್ದು ಎಂದು ಪತ್ತೆ ಮಾಡುವುದು ಹೇಗೆ?

ಅಮೆರಿಕದ ಪೋಸ್ಟ್‌ಕಾರ್ಡ್‌ಗಳಿಗೆ ಒಂದು ಸಾಮಾನ್ಯ ಕಾಲರೇಖೆ ಇದೆ. 1898ರ ಮೇ 19ರ ಕಾಯಿದೆಯ ನಂತರ ಖಾಸಗಿ ಕಾರ್ಡ್‌ಗಳಿಗೂ ಒಂದು ಸೆಂಟ್ ದರ ಬಂತು. 1907ರ ಮಾರ್ಚ್ 1ರವರೆಗೆ ಹಿಂಬದಿಯಲ್ಲಿ ವಿಳಾಸ ಮಾತ್ರ ಬರೆಯಬೇಕಿತ್ತು, ಸಂದೇಶವನ್ನು ಚಿತ್ರದ ಪಕ್ಕ ತುರುಕಬೇಕಿತ್ತು. ಆಮೇಲೆ ಹಿಂಬದಿಗೆ ನಡುಗೆರೆ ಬಂತು. ಸುಮಾರು 1915ರಿಂದ 1930ರವರೆಗೆ ಬಿಳಿ ಅಂಚಿನ ಕಾರ್ಡ್‌ಗಳ ಕಾಲ. 1930ರ ದಶಕದ ಆರಂಭದಿಂದ ಲಿನನ್ ಕಾರ್ಡ್‌ಗಳು, 1939ರಿಂದ ನುಣುಪಾದ ಬಣ್ಣದ ಫೋಟೊ ಕಾರ್ಡ್‌ಗಳು ಬಂದವು. ಈ ಕೊನೆಯವನ್ನು ಸಂಗ್ರಾಹಕರು "ಕ್ರೋಮ್" ಎನ್ನುತ್ತಾರೆ.

ನಮ್ಮ ಸಭಾಂಗಣಕ್ಕೆ 1934 ಎಂಬ ಗಡಿ ಇರುವುದರಿಂದ ಆಯ್ಕೆ ನಾಲ್ಕಕ್ಕೆ ಇಳಿಯುತ್ತದೆ.

ಮೊದಲನೆಯದು ಕೊಲೊಟೈಪ್, ಅಂದರೆ ಜೆಲಟಿನ್ ಲೇಪಿಸಿದ ಗಾಜಿನ ಫಲಕದಿಂದ ಒತ್ತಿದ್ದು. ಬ್ರೂಕ್ಲಿನ್‌ನ ಆಲ್ಬರ್ಟೈಪ್ ಕಂಪನಿ ಈ ವಿಧಾನಕ್ಕೆ ಹೆಸರಾಗಿತ್ತು. ಕಂಪನಿ 1952ರಲ್ಲಿ ಮುಚ್ಚಿತು. ಆದ್ದರಿಂದ ಹಿಂಬದಿಯಲ್ಲಿ ಅದರ ಹೆಸರಿದ್ದರೆ ಕಾರ್ಡ್ 1934 ಮತ್ತು 1952ರ ನಡುವಿನದು. ಎರಡನೆಯದು ಲಿನನ್. ಬಟ್ಟೆಯ ನೇಯ್ಗೆಯಂತೆ ಮೇಲ್ಮೈ ಉಬ್ಬಿರುತ್ತದೆ, ಬಣ್ಣ ಕಡು. ಆಕಾಶ, ಹುಲ್ಲು ಇದ್ದರೆ ಈ ಬಣ್ಣ ಚೆನ್ನಾಗಿ ಒಪ್ಪುತ್ತದೆ. ಮರದ ಒಳಾಂಗಣಕ್ಕೆ ಮಾತ್ರ ಸ್ವಲ್ಪ ಮಿಠಾಯಿ ಅಂಗಡಿಯ ಕಳೆ ಬರುತ್ತದೆ. ಮೂರನೆಯದು ಅಸಲಿ ಫೋಟೊ ಕಾರ್ಡ್, ಫೋಟೊ ಕಾಗದದ ಮೇಲೇ ತೊಳೆದದ್ದು. ನಾಲ್ಕನೆಯದು ಕ್ರೋಮ್. 1950, 60ರ ದಶಕದಲ್ಲಿ ಪ್ರವಾಸಿಗರಿಗೆ ಮಾರಿದ್ದು ಬಹುಮಟ್ಟಿಗೆ ಇದನ್ನೇ, ಇವತ್ತು ಹೆಚ್ಚು ಸಿಗುವುದೂ ಇದೇ.

ಇನ್ನಷ್ಟು ಹತ್ತಿರದ ವರ್ಷ ಬೇಕೆಂದರೆ ಹಿಂಬದಿ ಓದಿ. ಷಿಕಾಗೊದ ಕರ್ಟ್ ಟೈಕ್ ಕಂಪನಿಯ ಲಿನನ್ ಕಾರ್ಡ್ ಆದರೆ ಒಂದು ಅಂಕಿ, ಅದರ ನಂತರ ಒಂದು ಅಕ್ಷರ ಇರುತ್ತದೆ. ಅಕ್ಷರ ದಶಕವನ್ನು ಹೇಳುತ್ತದೆ: ಎ ಎಂದರೆ 1930ರ ದಶಕ, ಬಿ ಎಂದರೆ 1940ರದು, ಸಿ ಎಂದರೆ 1950ರದು. ಅಕ್ಷರಕ್ಕಿಂತ ಮೊದಲು ಬರುವ ಅಂಕಿ ಆ ದಶಕದ ವರ್ಷ. "6ಬಿ" ಎಂದಿದ್ದರೆ 1946. ನಂತರದ ಎಚ್ ಅಕ್ಷರ ಲಿನನ್ ಮುದ್ರಣವನ್ನು, ಕೆ ಅಕ್ಷರ ನುಣುಪು ಬಣ್ಣದ ಮುದ್ರಣವನ್ನು ಸೂಚಿಸುತ್ತದೆ. ಉಳಿದ ಮುದ್ರಕರ ಸಂಖ್ಯೆಗಳಿಗೆ ಈ ಸೂತ್ರ ಹಚ್ಚಬೇಡಿ.

ಅಸಲಿ ಫೋಟೊ ಕಾರ್ಡ್ ಆದರೆ ಸ್ಟಾಂಪ್ ಅಂಟಿಸುವ ಚೌಕ ನೋಡಿ. ಅಜೋ (AZO) ಎಂಬ ಫೋಟೊ ಕಾಗದದ ಚೌಕದ ನಾಲ್ಕು ಮೂಲೆಯಲ್ಲಿ ಪುಟ್ಟ ಚೌಕಗಳಿದ್ದರೆ 1925ರಿಂದ 1940ರ ದಶಕದವರೆಗಿನದು. ತ್ರಿಕೋನಗಳಿದ್ದರೆ ಇನ್ನೂ ಹಳೆಯ ಕಾಗದ. ಈ ಕೋಣೆಯ ಚಿತ್ರದಲ್ಲಿ ಅದು ಕಂಡರೆ ಅನುಮಾನ ಪಡಿ. ಇಕೆಸಿ (EKC, ಈಸ್ಟ್‌ಮನ್ ಕೊಡಕ್ ಕಂಪನಿ) ಎಂಬ ಗುರುತು 1940ರ ದಶಕದ್ದು, ಕೊಡಕ್ ಎಂದು ಪೂರ್ತಿ ಬರೆದದ್ದು 1950ರ ನಂತರದ್ದು.

ಪ್ರಕಾಶಕರ ವಿಳಾಸದಲ್ಲಿ ಐದಂಕಿಯ ಜಿಪ್ ಕೋಡ್ ಇದ್ದರೆ 1963ರ ಜುಲೈ ನಂತರದ ಮುದ್ರಣ. ಊರಿನ ಹೆಸರಿನ ಮುಂದೆ ಬರೀ ಒಂದೆರಡು ಅಂಕಿ ಇದ್ದರೆ ಅದು 1943ರಲ್ಲಿ ಬಂದ ಅಂಚೆ ವಲಯದ ಸಂಖ್ಯೆ, ಅಂದರೆ ಕಾರ್ಡ್ 1943 ಮತ್ತು 1963ರ ನಡುವಿನದು. ಎಷ್ಟೋ ಕಾರ್ಡ್‌ಗಳಿಗೆ ಈ ಒಂದೇ ಗುರುತು ಸಾಕಾಗುತ್ತದೆ.

ಅಂಚೆ ಮುದ್ರೆಯಲ್ಲೇ ತಾರೀಖು ಇದೆಯಲ್ಲ, ಇಷ್ಟೆಲ್ಲ ಏಕೆ?

ಮುದ್ರೆ ಹೇಳುವುದು ಕಾರ್ಡನ್ನು ಕಳಿಸಿದ ದಿನವನ್ನು. ಪ್ರವಾಸಿ ಕಾರ್ಡ್‌ಗಳು ಅಂಗಡಿಯ ಸ್ಟ್ಯಾಂಡಿನಲ್ಲಿ ವರ್ಷಗಟ್ಟಲೆ ಕೂತಿರುತ್ತಿದ್ದವು, ಕೊಂಡವರ ಮೇಜಿನ ಖಾನೆಯಲ್ಲಿ ಇನ್ನಷ್ಟು ವರ್ಷ. ಮುದ್ರೆಯ ತಾರೀಖಿಗಿಂತ ತಡವಾಗಿ ಮುದ್ರಣವಾಗಿಲ್ಲ ಎಂದಷ್ಟೇ ತೀರ್ಮಾನಿಸಬಹುದು.

ಮುದ್ರೆ ಮಸುಕಾಗಿದ್ದರೆ ಸ್ಟಾಂಪಿನ ಬೆಲೆ ನೋಡಿ. ದೇಶದೊಳಗಿನ ಕಾರ್ಡಿಗೆ 1951ರ ಕೊನೆಯವರೆಗೆ 1 ಸೆಂಟ್, 1952ರ ಜನವರಿಯಿಂದ 2, 1958ರ ಆಗಸ್ಟ್‌ನಿಂದ 3, 1963ರ ಜನವರಿಯಿಂದ 4, 1968ರ ಜನವರಿಯಿಂದ 5, 1971ರ ಮೇ ತಿಂಗಳಿಂದ 6 ಸೆಂಟ್. ವಿದೇಶಕ್ಕೆ ಕಳಿಸಿದ್ದಾದರೆ ದರ ಬೇರೆ, ಈ ಲೆಕ್ಕ ಹೊಂದುವುದಿಲ್ಲ. ಮನೆಯಲ್ಲಿದ್ದ ಯಾವುದೋ ಹೆಚ್ಚಿನ ಬೆಲೆಯ ಸ್ಟಾಂಪ್ ಅಂಟಿಸಿ ಕಳಿಸಿದವರೂ ಇದ್ದಾರೆ. ಆದ್ದರಿಂದ ಸ್ಟಾಂಪೊಂದನ್ನೇ ನಂಬಿ ವರ್ಷ ಹೇಳಬೇಡಿ.

ಯಾವ ಮುದ್ರಣ ಎಂದು ಬರಿಗಣ್ಣಿಗೆ ಗೊತ್ತಾಗುವುದಿಲ್ಲ. ಏನು ಮಾಡಲಿ?

ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಸಾಕು. ಒಡವೆ ಅಂಗಡಿಯವರು ಬಳಸುವಂಥದ್ದು. ಬೆಳಕು ಪಕ್ಕದಿಂದ ಬೀಳುವಂತೆ ಹಿಡಿದು, ಸ್ಪೀಕರ್ ಕುರ್ಚಿಯ ಬೆನ್ನಿನ ನೆರಳಿರುವ ಭಾಗ ನೋಡಿ. ಕಡು ಬಣ್ಣ ತಿಳಿಯಾಗುವ ಜಾಗದಲ್ಲೇ ಮುದ್ರಣದ ಗುಟ್ಟು ಬಯಲಾಗುವುದು.

ಸಾಲಾಗಿ ಜೋಡಿಸಿದ ಬಣ್ಣದ ಚುಕ್ಕಿಗಳು ಹೂವಿನ ದಳದಂತೆ ಗುಂಪುಗೂಡಿದ್ದರೆ ಹಾಫ್‌ಟೋನ್. ಲಿನನ್ ಮತ್ತು ಕ್ರೋಮ್ ಎರಡೂ ಹೀಗೇ ಕಾಣುತ್ತವೆ. ಚುಕ್ಕಿಯೇ ಇಲ್ಲದೆ ಹುಳದ ಹಾದಿಯಂಥ ಸಣ್ಣ ವಕ್ರ ಗೆರೆಗಳ ಜಾಲ ಇದ್ದರೆ ಕೊಲೊಟೈಪ್. ಯಾವ ವಿನ್ಯಾಸವೂ ಇಲ್ಲದೆ ಬೂದು ಬಣ್ಣ ನುಣ್ಣಗೆ ಕರಗಿದ್ದರೆ ಅಸಲಿ ಫೋಟೊ. ಅದನ್ನು ಓರೆ ಮಾಡಿ ಹಿಡಿದಾಗ ಕಪ್ಪು ಭಾಗದಲ್ಲಿ ಬೆಳ್ಳಿಯ ಹೊಳಪು ಕಂಡರೆ ಹಳತು ಎಂಬುದಕ್ಕೆ ಇನ್ನೊಂದು ಪುರಾವೆ. ಚುಕ್ಕಿಗಳು ಕ್ರಮವಿಲ್ಲದೆ ಚಿಮುಕಿಸಿದಂತೆ ಚದುರಿದ್ದರೆ ಅದು ಇಂಕ್‌ಜೆಟ್ ಪ್ರಿಂಟರಿನ ಈಚಿನ ನಕಲು.

ಹೊಸ ಮುದ್ರಣವನ್ನು ಹಳೆಯದೆಂದು ಮಾರಿದರೆ ಹಿಡಿಯುವುದು ಹೇಗೆ?

ಮೊದಲು ಸ್ಕೇಲ್ ಇಡಿ. ಆ ಕಾಲದ ಸಾಮಾನ್ಯ ಅಳತೆ ಮೂರೂವರೆ ಇಂಚು, ಐದೂವರೆ ಇಂಚು. ನಾಲ್ಕು, ಆರು ಇಂಚಿನ ಕಾರ್ಡ್ ಬಹುತೇಕ ಈಚಿನದು. ಲಿನನ್ ಎಂದು ಹೇಳಿದರೆ ಬೆರಳಿನಿಂದ ಸವರಿ ನೋಡಿ; ನೇಯ್ಗೆ ಕೈಗೆ ತಗುಲಬೇಕು. ನಕಲಿನಲ್ಲಿ ನೇಯ್ಗೆಯ ಚಿತ್ರ ಇರುತ್ತದೆ, ಮೇಲ್ಮೈ ನುಣ್ಣಗಿರುತ್ತದೆ. ಬಾರ್‌ಕೋಡ್ ಇದ್ದರೆ ಮಾತೇ ಬೇಡ.

ಕತ್ತಲೆಯಲ್ಲಿ 365 ನ್ಯಾನೋಮೀಟರಿನ ಅತಿನೇರಳೆ ಟಾರ್ಚ್ ಹಾಕಿ ನೋಡುವುದು ಒಳ್ಳೆಯ ಪರೀಕ್ಷೆ. ಕಾಗದವನ್ನು ಬೆಳ್ಳಗೆ ಕಾಣಿಸುವ ರಾಸಾಯನಿಕಗಳನ್ನು ಕಾಗದದ ಗಿರಣಿಗಳು ವ್ಯಾಪಕವಾಗಿ ಬಳಸತೊಡಗಿದ್ದು ಸುಮಾರು 1950ರ ನಂತರ. ಅವು ಇದ್ದರೆ ಕಾರ್ಡ್ ನೀಲಿ ಬಿಳುಪಿನಲ್ಲಿ ಮಿನುಗುತ್ತದೆ. ಹಾಗಾಗಿ 1930ರ ದಶಕದ ಲಿನನ್ ಎಂದು ಕೊಟ್ಟದ್ದು ಮಿನುಗಿದರೆ ವಾಪಸ್ ಕೊಡಿ. ಮಿನುಗದ ಮಾತ್ರಕ್ಕೆ ಹಳೆಯದೆಂದು ಖಾತ್ರಿಯಿಲ್ಲ, ಆ ರಾಸಾಯನಿಕವಿಲ್ಲದ ಕಾಗದ ಇವತ್ತೂ ಸಿಗುತ್ತದೆ. ಸ್ಟಾಂಪ್ ಮಿನುಗಿದರೆ ಗಾಬರಿ ಬೇಡ: 1963ರಿಂದೀಚೆಗೆ ಯಂತ್ರಗಳು ಗುರುತಿಸಲೆಂದೇ ಅಮೆರಿಕದ ಸ್ಟಾಂಪ್‌ಗಳಿಗೆ ಹೊಳೆಯುವ ಲೇಪ ಹಚ್ಚುತ್ತಿದ್ದರು.

ಅದೇ ಕ್ಯಾಪಿಟಲ್‌ನ ಇನ್ನೊಂದು ಕೋಣೆಯ ಕಾರ್ಡ್ ಕೂಡ ಹೀಗೇ ಕಾಣುತ್ತದೆ. ವ್ಯತ್ಯಾಸ ಏನು?

ಕಟ್ಟಡದ ನಕ್ಷೆ ಇಂಗ್ಲಿಷಿನ ಎಚ್ ಅಕ್ಷರದ ಆಕಾರದ್ದು. ಪೂರ್ವ ಭಾಗದಲ್ಲಿ ಬರ್ಗೆಸ್‌ಗಳ ಸಭೆ, ಪಶ್ಚಿಮ ಭಾಗದ ನೆಲಮಹಡಿಯಲ್ಲಿ ಜನರಲ್ ಕೋರ್ಟ್ ಎಂಬ ಉಚ್ಚ ನ್ಯಾಯಾಲಯ, ಅದರ ಮೇಲೆ ಗವರ್ನರನ ಸಲಹಾ ಮಂಡಳಿಯ ಕೋಣೆ. ಎದುರುಬದುರು ಬೆಂಚುಗಳು, ತುದಿಯಲ್ಲಿ ಒಂಟಿ ಸ್ಪೀಕರ್ ಕುರ್ಚಿ ಇದ್ದರೆ ಬರ್ಗೆಸ್ ಸಭೆ. ಎತ್ತರದ ಕಟ್ಟೆಯ ಮೇಲೆ ಹಲವರು ಸಾಲಾಗಿ ಕೂರುವ ನ್ಯಾಯಪೀಠ ಇದ್ದರೆ ಕೋರ್ಟು. ದೊಡ್ಡ ಮೇಜು, ಸುತ್ತ ಬಿಡಿ ಕುರ್ಚಿಗಳಿದ್ದರೆ ಸಲಹಾ ಮಂಡಳಿ. ಮಾರುವವರು ಮೂರಕ್ಕೂ ಒಂದೇ ಹೆಸರು ಹಾಕುವುದುಂಟು.

ರ‍್ಯಾಲಿ ಟ್ಯಾವರ್ನ್‌ನ ಕಾರ್ಡನ್ನು ಇದರ ಜೋಡಿಯಾಗಿ ಇಟ್ಟುಕೊಳ್ಳುವ ರೂಢಿ ಇದೆ, ಅದಕ್ಕೆ ಕಾರಣವೂ ಇದೆ. 1769ರಲ್ಲೂ 1774ರಲ್ಲೂ ಗವರ್ನರ್ ಸಭೆಯನ್ನು ವಿಸರ್ಜಿಸಿದಾಗ ಸದಸ್ಯರು ಅಲ್ಲಿಂದೆದ್ದು ಹೋಗಿ ಕೂತದ್ದು ಆ ಹೋಟೆಲಿನಲ್ಲೇ. ಈಗಿರುವ ಟ್ಯಾವರ್ನ್ ಕೂಡ 1930ರ ದಶಕದ ಮರುನಿರ್ಮಾಣ.

ಅಮೆರಿಕದ ಬೇರೆ ಹಳೇ ಶಾಸನಸಭೆಗಳ ಕಾರ್ಡ್‌ಗಳಿಗೂ ಹೀಗೇ ಕಾಲ ಕಟ್ಟಬಹುದೇ?

ಕಟ್ಟಬಹುದು. ಕೋಣೆ ಯಾವಾಗ ಬದಲಾಯಿತು ಎಂಬುದನ್ನು ಮೊದಲು ತಿಳಿಯಿರಿ, ಕಾರ್ಡಿನ ವಯಸ್ಸು ಆಮೇಲೆ.

ಫಿಲಡೆಲ್ಫಿಯಾದ ಕಾಂಗ್ರೆಸ್ ಹಾಲ್‌ನಲ್ಲಿ ಅಮೆರಿಕದ ಕಾಂಗ್ರೆಸ್ 1790ರಿಂದ 1800ರವರೆಗೆ ಸೇರುತ್ತಿತ್ತು. ಕೆಳಗೆ ಪ್ರತಿನಿಧಿ ಸಭೆ, ಮೇಲೆ ಸೆನೆಟ್. ಜಾರ್ಜ್ ವಾಷಿಂಗ್ಟನ್ 1793ರಲ್ಲಿ ಎರಡನೇ ಸಲ ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸಿದ್ದು ಮೇಲಿನ ಕೋಣೆಯಲ್ಲಿ, ಜಾನ್ ಆ್ಯಡಮ್ಸ್ 1797ರಲ್ಲಿ ಸ್ವೀಕರಿಸಿದ್ದು ಕೆಳಗಿನದರಲ್ಲಿ. ಕಟ್ಟಡವನ್ನು ದುರಸ್ತಿ ಮಾಡಿ 1913ರ ಅಕ್ಟೋಬರ್ 25ರಂದು ಅಧ್ಯಕ್ಷ ವುಡ್ರೊ ವಿಲ್ಸನ್ ಸಮ್ಮುಖದಲ್ಲಿ ಮತ್ತೆ ತೆರೆದರು. 1951ರಿಂದ ಅದು ರಾಷ್ಟ್ರೀಯ ಉದ್ಯಾನ ಇಲಾಖೆಯ ಕೈಯಲ್ಲಿದೆ, ಒಳಾಂಗಣವನ್ನು 1960ರ ದಶಕದಲ್ಲಿ ಇನ್ನೊಮ್ಮೆ ಸಜ್ಜುಗೊಳಿಸಿದರು. ಪಕ್ಕದಲ್ಲೇ ಇರುವ ಇಂಡಿಪೆಂಡೆನ್ಸ್ ಹಾಲ್‌ನ ಅಸೆಂಬ್ಲಿ ಕೋಣೆಗೂ ಇದಕ್ಕೂ ಅಡಿಬರಹ ಅದಲುಬದಲಾಗುವುದು ತೀರಾ ಸಾಮಾನ್ಯ. ಸ್ವಾತಂತ್ರ್ಯ ಘೋಷಣೆಗೆ ಸಹಿ ಬಿದ್ದದ್ದು ಆ ಅಸೆಂಬ್ಲಿ ಕೋಣೆಯಲ್ಲಿ. ಇಪ್ಪತ್ತನೇ ಶತಮಾನದ ಆರಂಭದ ಕಾರ್ಡ್‌ಗಳಲ್ಲಿ ಅದರ ಗೋಡೆ ತುಂಬ ಭಾವಚಿತ್ರಗಳು ಕಾಣುತ್ತವೆ. ಹಸಿರು ಬಟ್ಟೆ ಹೊದಿಸಿದ ಮೇಜುಗಳ ಸಾಲು ಕಂಡರೆ ಉದ್ಯಾನ ಇಲಾಖೆಯ ಕಾಲದ್ದು.

ಮೇರಿಲ್ಯಾಂಡ್‌ನ ಅನಾಪೊಲಿಸ್‌ನಲ್ಲಿರುವ ಹಳೇ ಸೆನೆಟ್ ಕೋಣೆಯಲ್ಲಿ ವಾಷಿಂಗ್ಟನ್ 1783ರ ಡಿಸೆಂಬರ್ 23ರಂದು ಸೇನಾಪತಿ ಹುದ್ದೆಗೆ ರಾಜೀನಾಮೆ ಕೊಟ್ಟರು. ಮೂರೇ ವಾರಕ್ಕೆ, 1784ರ ಜನವರಿ 14ರಂದು, ಬ್ರಿಟನ್ ಜೊತೆಗಿನ ಯುದ್ಧ ಮುಗಿಸಿದ ಪ್ಯಾರಿಸ್ ಒಪ್ಪಂದಕ್ಕೆ ಅಲ್ಲೇ ಅನುಮೋದನೆ ಸಿಕ್ಕಿತು. ಕಟ್ಟಡ ಅಸಲಿ. ಆದರೆ 1870ರ ದಶಕದಲ್ಲಿ ಒಳಗಿನ ಹಳೆಯದನ್ನೆಲ್ಲ ಕಿತ್ತುಹಾಕಿ, 1905ರ ಹೊತ್ತಿಗೆ ಮತ್ತೆ ಹಳೆಯ ರೂಪ ಕೊಟ್ಟು, 2015ಕ್ಕೆ ಅದನ್ನೂ ತಿದ್ದಿದರು. ಅನಾಪೊಲಿಸ್ ಕಾರ್ಡ್‌ಗಳಲ್ಲಿ ಕಾಣುವ ಕೋಣೆ ಹೆಚ್ಚಾಗಿ 1905ರ ತಿಳಿವಳಿಕೆಯದು.

ಬೆಲೆ ಎಷ್ಟಿರುತ್ತದೆ?

ವಿಲಿಯಮ್ಸ್‌ಬರ್ಗ್ ಕ್ರೋಮ್ ಮತ್ತು ಲಿನನ್ ಕಾರ್ಡ್‌ಗಳು ಲೆಕ್ಕವಿಲ್ಲದಷ್ಟು ಅಚ್ಚಾಗಿವೆ, ಒಂದೆರಡು ಡಾಲರಿಗೆ ಸಿಗುತ್ತವೆ. ಅಸಲಿ ಫೋಟೊ ಕಾರ್ಡಿಗೆ ಹೆಚ್ಚು ಕೊಡಬಹುದು. ಮೂಲೆ ಮುರಿದಿದ್ದರೆ, ಮಡಿಕೆ ಬಿದ್ದಿದ್ದರೆ, ಆಲ್ಬಮ್ಮಿನ ಅಂಟು ಹಿಂಬದಿಯ ಕಾಗದವನ್ನು ಕಿತ್ತಿದ್ದರೆ ಬೆಲೆ ಬಿದ್ದುಹೋಗುತ್ತದೆ, ಏಕೆಂದರೆ ಇದೇ ಕಾರ್ಡ್ ಚೊಕ್ಕಟವಾಗಿ ಇನ್ನೊಂದು ಕಡೆ ಸಿಕ್ಕೇ ಸಿಗುತ್ತದೆ. ಹೂಡಿಕೆ ಎಂದುಕೊಂಡು ಕೊಳ್ಳಬೇಡಿ.

ಮಳೆಗಾಲದಲ್ಲಿ ಕಾರ್ಡ್ ಹಾಳಾಗದಂತೆ ಇಡುವುದು ಹೇಗೆ?

ಮಂಗಳೂರು, ಕಾರವಾರ, ಮಡಿಕೇರಿಯಂಥ ಕಡೆ ಇರುವವರಿಗೆ ಕಾರ್ಡಿನ ದೊಡ್ಡ ಶತ್ರು ತೇವ. ಗಾಳಿಯ ತೇವಾಂಶ ಶೇ. 65 ದಾಟಿ ಕೆಲವು ದಿನ ನಿಂತರೆ ಬೂಷ್ಟು ಹಿಡಿಯುತ್ತದೆ. ಶೇ. 35ರಿಂದ 50ರ ನಡುವೆ ಇದ್ದರೆ ಕ್ಷೇಮ. ಕೆಲವು ನೂರು ರೂಪಾಯಿಯ ತೇವಮಾಪಕವನ್ನು ಪೆಟ್ಟಿಗೆಯೊಳಗೇ ಇಡಿ.

ಒಂದೊಂದು ಕಾರ್ಡಿಗೂ ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಕವರ್ ಬೇಕು. ಘಾಟು ವಾಸನೆಯ ಮೆತ್ತನೆಯ ಪಿವಿಸಿ ಕವರ್ ಬೇಡ. ಅದರಿಂದ ಒಸರುವ ಎಣ್ಣೆಯಂಥ ಪದಾರ್ಥ ಕ್ರೋಮ್ ಕಾರ್ಡಿನ ಮೇಲ್ಮೈಯನ್ನು ಹಿಡಿದುಕೊಂಡುಬಿಡುತ್ತದೆ. ಕವರ್ ಹಾಕಿದ ಕಾರ್ಡ್‌ಗಳನ್ನು ಆಮ್ಲರಹಿತ ಪೆಟ್ಟಿಗೆಯಲ್ಲಿ ನಿಲ್ಲಿಸಿ, ಬಗ್ಗದಷ್ಟು ಬಿಗಿಯಾಗಿ, ತೆಗೆಯುವಾಗ ಉಜ್ಜದಷ್ಟು ಸಡಿಲವಾಗಿ. ಆ ಪೆಟ್ಟಿಗೆಯನ್ನು ಗಾಳಿಯಾಡದ ಡಬ್ಬಿಯಲ್ಲಿಟ್ಟು ಸಿಲಿಕಾ ಜೆಲ್ ಹಾಕಿ. ಜೆಲ್ ಬಣ್ಣ ಬದಲಾಯಿಸಿದಾಗ ಒಣಗಿಸಿ ಮತ್ತೆ ಹಾಕದಿದ್ದರೆ ಇಟ್ಟೂ ಪ್ರಯೋಜನವಿಲ್ಲ. ಹೊರಗೋಡೆಗೆ ತಾಗಿದ ಬೀರು, ಅಟ್ಟ, ನೆಲ ಮೂರೂ ಬೇಡ.

ಲ್ಯಾಮಿನೇಟ್ ಮಾಡಿಸಬೇಡಿ. ಮಾಡಿಸಿದ ಮೇಲೆ ಅದನ್ನು ಬಿಡಿಸುವ ದಾರಿಯಿಲ್ಲ.

ಬೂಷ್ಟು, ಹುಳ ಬಂದಾಗಿದೆ. ಈಗ?

ಆ ಕಾರ್ಡನ್ನು ಉಳಿದವುಗಳಿಂದ ತಕ್ಷಣ ಬೇರೆ ಮಾಡಿ. ಬೂಷ್ಟು ಹಸಿಯಾಗಿದ್ದಾಗ ಒರೆಸಿದರೆ ಕಾಗದದೊಳಕ್ಕೆ ಇಳಿಯುತ್ತದೆ. ಫ್ಯಾನ್ ಗಾಳಿ ನೇರವಾಗಿ ಬೀಳದ ಒಣ ಜಾಗದಲ್ಲಿ ಪೂರ್ತಿ ಒಣಗಲಿ. ಆಮೇಲೆ ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ, ಮೆತ್ತನೆಯ ಕುಂಚದಿಂದ ಪುಡಿಯನ್ನು ಕೊಡವಿ. ಕಲೆ ಉಳಿಯುತ್ತದೆ, ಇರಲಿ ಬಿಡಿ. ಬಿಸಿಲಿಗೆ ಇಟ್ಟರೆ ಬಣ್ಣ ಹೋಗುತ್ತದೆ.

ಸಿಲ್ವರ್‌ಫಿಶ್ ಅಥವಾ ಬೇರೆ ಹುಳ ಇದ್ದರೆ ಜಿಪ್ ಚೀಲದಲ್ಲಿ ಗಾಳಿ ತೆಗೆದು ಮುಚ್ಚಿ, ಮನೆಯ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ. ತಣ್ಣಗಿರುವಾಗಲೇ ಬಿಚ್ಚಿದರೆ ಕಾರ್ಡಿನ ಮೇಲೆ ನೀರು ಹನಿಗಟ್ಟುತ್ತದೆ. ಅಸಲಿ ಫೋಟೊ ಕಾರ್ಡ್‌ಗೆ ಇದನ್ನು ಮಾಡುವ ಮುನ್ನ ಸಂರಕ್ಷಣಾ ತಜ್ಞರನ್ನು ಕೇಳುವುದು ಮೇಲು.

ಆಲ್ಬಮ್ಮಿಗೆ ಅಂಟಿದ್ದರೆ ನೀರಿನಲ್ಲಿ ನೆನೆಹಾಕಬೇಡಿ, ಶಾಯಿಯೂ ಅಂಚೆ ಮುದ್ರೆಯೂ ಹರಡುತ್ತವೆ. ಹಲ್ಲಿನ ಸಂದಿಗೆ ಬಳಸುವ ಫ್ಲಾಸ್ ದಾರವನ್ನು ಒಂದು ಮೂಲೆಯಿಂದ ಹೊಗಿಸಿ ಗರಗಸದಂತೆ ನಿಧಾನ ಎಳೆಯುತ್ತ ಬನ್ನಿ. ಕಾರ್ಡ್ ಬಗ್ಗತೊಡಗಿದರೆ ನಿಲ್ಲಿಸಿ, ಆಲ್ಬಮ್ಮಿನ ಹಾಳೆಯನ್ನೇ ಸುತ್ತ ಕತ್ತರಿಸಿ ಹಾಗೇ ಇಟ್ಟುಬಿಡಿ.

ಸ್ಕ್ಯಾನ್ ಮಾಡುವಾಗ ಎಷ್ಟು ರೆಸೊಲ್ಯೂಷನ್ ಇಡಬೇಕು?

600 ಡಿಪಿಐ, ಎರಡೂ ಬದಿ, ಟಿಫ್ ಕಡತ. ಆ ಅಳತೆಯ ಕಾರ್ಡಿಗೆ 2100, 3300 ಪಿಕ್ಸೆಲ್ ಬರುತ್ತದೆ. ಬಣ್ಣದ ಕಡತ ಸುಮಾರು 20 ಎಂಬಿ. ಹಾಫ್‌ಟೋನ್ ಕಾರ್ಡಿನಲ್ಲಿ ಅಲೆಯಲೆಯಂಥ ಪಟ್ಟೆ ಕಂಡರೆ ರೆಸೊಲ್ಯೂಷನ್ ಇಳಿಸಬೇಡಿ, ಹೆಚ್ಚಿನದರಲ್ಲೇ ಸ್ಕ್ಯಾನ್ ಮಾಡಿ ಆಮೇಲೆ ಚಿತ್ರವನ್ನು ಚಿಕ್ಕದು ಮಾಡಿ. ಲಿನನ್ ಕಾರ್ಡಿನ ನೇಯ್ಗೆ ತೀರಾ ಎದ್ದು ಕಂಡರೆ ಕಾರ್ಡನ್ನು ಗಾಜಿನ ಮೇಲೆ ಕಾಲು ಸುತ್ತು ತಿರುಗಿಸಿ ನೋಡಿ, ಬೆಳಕು ಬೀಳುವ ದಿಕ್ಕು ಬದಲಾಗಿ ನೆರಳು ತಗ್ಗಬಹುದು.

ಚಿತ್ರವನ್ನು ಪುಸ್ತಕದಲ್ಲಿ, ಲೇಖನದಲ್ಲಿ ಬಳಸಬಹುದೇ?

ಅಮೆರಿಕದ ಕಾನೂನಿನಲ್ಲಿ ಆ ಕಾಲದ ಪ್ರಕಟಿತ ಚಿತ್ರಕ್ಕೆ ಹಕ್ಕು ಹೆಚ್ಚೆಂದರೆ 95 ವರ್ಷ. 1934ರ ಗಡಿಯ ಕಾರಣ ಈ ಸಭಾಂಗಣದ ಕಾರ್ಡಿಗೆ ಆ ಲೆಕ್ಕ ಸದ್ಯಕ್ಕೆ ನೆರವಾಗದು. ಆದರೆ 1978ಕ್ಕಿಂತ ಮೊದಲು ಹಕ್ಕುಸ್ವಾಮ್ಯದ ಸೂಚನೆ ಇಲ್ಲದೆ ಅಲ್ಲಿ ಪ್ರಕಟವಾದದ್ದಕ್ಕೆ ಸಾಮಾನ್ಯವಾಗಿ ರಕ್ಷಣೆಯಿಲ್ಲ. 1963ರವರೆಗಿನವು ಸೂಚನೆ ಇದ್ದರೂ 28ನೇ ವರ್ಷದಲ್ಲಿ ನವೀಕರಿಸಿರದಿದ್ದರೆ ಮುಕ್ತ. ಆದ್ದರಿಂದ ಕಾರ್ಡಿನ ಎರಡೂ ಬದಿಯಲ್ಲಿ ವೃತ್ತದೊಳಗಿನ ಸಿ ಗುರುತು ಹುಡುಕಿ. ಭಾರತದಲ್ಲಿ ಫೋಟೊಗೆ ಪ್ರಕಟಣೆಯ ನಂತರ 60 ವರ್ಷ ಎಂಬ ನಿಯಮ 2012ರ ತಿದ್ದುಪಡಿಯವರೆಗೆ ಇತ್ತು, ಈಗ ಫೋಟೊ ತೆಗೆದವರು ತೀರಿಕೊಂಡ 60 ವರ್ಷದವರೆಗೆ.

ಹಿಂಬದಿಯ ಕೈಬರಹ ಬೇರೆಯೇ ವಿಷಯ. ಆ ಮಾತುಗಳ ಹಕ್ಕು ಬರೆದವರದು, ಅಮೆರಿಕದಲ್ಲಿ ಅವರು ತೀರಿಕೊಂಡ 70 ವರ್ಷದವರೆಗೂ ಉಳಿಯುತ್ತದೆ. ಹಾಕಲೇಬೇಕೆಂದರೆ ಹೆಸರು, ಮನೆ ವಿಳಾಸ ಮುಚ್ಚಿ.

ಅಮೆರಿಕದಲ್ಲಿ ಕೊಂಡ ಕಾರ್ಡನ್ನು ಊರಿಗೆ ಅಂಚೆಯಲ್ಲಿ ಕಳಿಸುವುದು ಹೇಗೆ?

ಕಾರ್ಡಿಗಿಂತ ನಾಲ್ಕೂ ಕಡೆ ಅರ್ಧ ಇಂಚು ದೊಡ್ಡದಾದ ಎರಡು ರಟ್ಟು ತೆಗೆದುಕೊಳ್ಳಿ. ಒಂದರ ಗೆರೆ ಅಡ್ಡ, ಇನ್ನೊಂದರ ಗೆರೆ ಉದ್ದ ಬರಲಿ, ಆಗ ಯಾವ ಕಡೆಗೂ ಬಗ್ಗುವುದಿಲ್ಲ. ಕಾರ್ಡನ್ನು ಕವರಿನಲ್ಲಿಟ್ಟು, ಕವರನ್ನು ಮಾತ್ರ ಟೇಪಿನಿಂದ ಒಂದು ರಟ್ಟಿಗೆ ಹಿಡಿಸಿ. ಟೇಪು ಕಾರ್ಡಿಗೆ ತಾಗಬಾರದು. ಇದನ್ನೆಲ್ಲ ಇನ್ನೊಂದು ಪ್ಲಾಸ್ಟಿಕ್ ಚೀಲದಲ್ಲಿ ಸೇರಿಸಿ ಬಾಯಿ ಅಂಟಿಸಿ, ಮಳೆಗಾಲದಲ್ಲಿ ತಲುಪುವುದಾದರೆ ಇದನ್ನು ಮರೆಯಬೇಡಿ. ರಟ್ಟಿರುವ ಗಟ್ಟಿ ಲಕೋಟೆ ಅಂಚೆ ಯಂತ್ರದಲ್ಲಿ ಹೋಗುವುದಿಲ್ಲ, ಅದಕ್ಕೆ ಹೆಚ್ಚುವರಿ ದರ ಇದೆ. ಕೌಂಟರಿನಲ್ಲೇ ಕೊಟ್ಟು ತೂಕ ಹಾಕಿಸಿ. ಟ್ರ್ಯಾಕಿಂಗ್ ಬೇಕಿದ್ದರೆ ಕಾರ್ಡಿನ ಬೆಲೆಗಿಂತ ಅಂಚೆ ಖರ್ಚೇ ಹಲವು ಪಟ್ಟಾಗುತ್ತದೆ. ಆದ್ದರಿಂದ ಊರಿಗೆ ಬರುವ ಯಾರಾದರೂ ಸಿಕ್ಕರೆ ಗಟ್ಟಿ ಅಟ್ಟೆಯ ಪುಸ್ತಕದ ನಡುವೆ ಇಟ್ಟು ಅವರ ಕೈಚೀಲದಲ್ಲೇ ಕಳಿಸಿ.